ಶ್ರೀಮಂತನ ಮಗಳ ಕಾರು

ನರೋಣಾದ ಶ್ರೀಮಂತನಿಗೆ ಶ್ರೀಮಂತಿಕೆ ಇದ್ದದ್ದು ಹೆಸರಿನಲ್ಲಿ ಮಾತ್ರ. ಉಳಿದಂತೆ ಅವನಿಗೆ ಒಂದು ಹಿಟ್ಟಿನ ಗಿರಣಿ, ಗಿರಣಿಗೆ ಒಂದು ತಗಡಿನ ಚಾವಣಿ, ಅದರ ಕೆಳಗೆ ದಿನವಿಡೀ ಜೋಳದ ಹಿಟ್ಟಿನಲ್ಲಿ ಮಿಂದು ಬಿಳಿ ಹುಬ್ಬು, ಬಿಳಿ ಮೀಸೆ ಹೊತ್ತು ಓಡಾಡುವ ಅವನು. ಓಡಾಡುವ ಎಂದದ್ದು ಬಾಯಿಮಾತಿಗಲ್ಲ. ಕೂತಲ್ಲಿ ಕೂಡುವುದು ಅವನ ಜಾತಕದಲ್ಲೇ ಇರಲಿಲ್ಲ. ಊಟಕ್ಕೆ ಕೂತರೂ ಒಂದು ಮೊಣಕಾಲು ಕುಣಿಯುತ್ತಲೇ ಇರುತ್ತಿತ್ತು. "ಇವಂಗ ತಾಟಿನ ಮುಂದ ಕೂಡಿಸೋದಂದ್ರ ಹೋರಿಗಿ ಲಾಳ ಹೊಡಿಸಿದಂಗ" ಎಂದು ಅವನ ತಾಯಿ ಬಾಳಮ್ಮ ಊರಿಗೆಲ್ಲ ಹೇಳುತ್ತಿದ್ದಳು.

ಇಂಥ ಮನುಷ್ಯ ಒಂದು ಸುಳ್ಳು ಹೇಳಿದ. ಸುಳ್ಳು ಹೇಳಿದವನು ಆಮೇಲೆ ಒಂದೇ ಕಡೆ ಕೂತು ಅದನ್ನು ಕಾಯಬೇಕಾಗುತ್ತದೆ. ಅವನಿಗೆ ಆಗದ ಕೆಲಸವೇ ಅದು.

ಸುಳ್ಳು ಹುಟ್ಟಿದ್ದು ಅಫಜಲಪುರದ ಕಡೆಯ ಗೊಬ್ಬೂರಿನಲ್ಲಿ, ಹೆಂಡತಿ ಶಿವಕಾಂತಾಳ ತಮ್ಮನ ಮಗುವಿನ ತೊಟ್ಟಿಲ ಕಾರ್ಯದ ದಿನ. ಒಳಗೆ ಹೆಂಗಸರು ಜೋಗುಳ ಹಾಡುತ್ತಿದ್ದರು. ಹೊರಗೆ ಪಂಕ್ತಿಯಲ್ಲಿ ಶ್ರೀಮಂತನ ಪಕ್ಕಕ್ಕೆ ಅವನ ಷಡ್ಡಕ ಜಗದೇವ ಕೂತಿದ್ದ. ಶಿವಕಾಂತಾಳ ಅಕ್ಕ ನಾಗರತ್ನಾಳ ಗಂಡ, ಜೇವರ್ಗಿಯಲ್ಲಿ ಬಟ್ಟೆ ಅಂಗಡಿ. ಬಾಯಿ ತೆರೆದರೆ ಅರ್ಧ ಮಾತು, ಅರ್ಧ ಜಾಹೀರಾತು.

"ನಮ್ಮ ಅಜಯಕುಮಾರಗ ಕಾರ್ ಕೊಡ್ಸೀನಿ ನೋಡ್ರಿ" ಎಂದು ಜಗದೇವ ಇಡೀ ಪಂಕ್ತಿಗೆ ಕೇಳುವಂತೆ ಹೇಳಿದ. "ಬಿಳೀದು. ಹುಡುಗರ ಕೈಯಾಗ ಈ ವಯಸ್ಸಿನ್ಯಾಗೇ ಸ್ಟೇರಿಂಗ್ ಕೊಡಬೇಕ್ರಿ. ಆಮ್ಯಾಲ ಕೊಟ್ರ ಧೈರ್ಯ ಬರಂಗಿಲ್ಲ." ಆಮೇಲೆ ಹೋಳಿಗೆ ಮುರಿಯುತ್ತ ಶ್ರೀಮಂತನ ಕಡೆ ತಿರುಗಿದ. "ನಿನ್ನ ಮಗಳಿಗಿ ಹದಿನೆಂಟು ತುಂಬ್ತಲ್ಲೊ? ಏನ್ ಕೊಡ್ಸಿದಿ?"

ಶ್ರೀಮಂತ ಮಗಳಿಗೆ ಒಂದು ಛತ್ರಿ ಕೊಡಿಸಿದ್ದ. ಬಣ್ಣ ಒಳ್ಳೆಯದೇ ಇತ್ತು. ಆದರೆ ಇಡೀ ಪಂಕ್ತಿ ಹೋಳಿಗೆ ಬಿಟ್ಟು ಅವನ ಬಾಯಿಯನ್ನೇ ನೋಡುತ್ತಿತ್ತು, ಮೊಣಕಾಲು ಕುಣಿಯುತ್ತಿತ್ತು, ತುಪ್ಪ ತಲೆಗೇರಿತ್ತು.

"ನಮ್ಮ ಪಲ್ಲವಿಗೂ ಕಾರೇ ತಗೋಳಾಕತ್ತೇವಿ" ಎಂದುಬಿಟ್ಟ.

ಜಗದೇವನ ಹೋಳಿಗೆ ಅರ್ಧ ದಾರಿಯಲ್ಲೇ ನಿಂತಿತು. ಆ ಒಂದು ಗಳಿಗೆಯ ಸುಖಕ್ಕೆ ಶ್ರೀಮಂತ ಮುಂದೆ ಎಷ್ಟು ದಿನ ಒದ್ದಾಡಿದ ಎಂಬುದೇ ಈ ಕಥೆ.

ನರೋಣಾಕ್ಕೆ ಬಸ್ಸಿಳಿಯುವ ಹೊತ್ತಿಗೆ ಸುದ್ದಿ ಅವರಿಗಿಂತ ಮೊದಲೇ ಇಳಿದು, ಚಹಾ ಕುಡಿದು, ಓಣಿ ಓಣಿ ತಿರುಗಿಯೂ ಆಗಿತ್ತು. ಮನೆಯ ಹೊಸ್ತಿಲಲ್ಲೇ ಶಿವಕಾಂತಾ ಗಂಡನನ್ನು ತಡೆದಳು.

"ಅಕ್ಕ ಹೇಳಿದ್ಲು. ಖರೇನಾ?"

"ನೋಡೋಣ" ಎಂದ ಶ್ರೀಮಂತ.

ಈ 'ನೋಡೋಣ' ಎಂಬ ಶಬ್ದ ಇಲ್ಲದಿದ್ದರೆ ನಮ್ಮ ಕಡೆಯ ಗಂಡಸರು ಸಂಸಾರ ಹೇಗೆ ನಡೆಸುತ್ತಿದ್ದರೋ ದೇವರೇ ಬಲ್ಲ. ಹೇಳಿದವನಿಗೆ ಅದರರ್ಥ 'ಇಲ್ಲ'. ಕೇಳಿದವರಿಗೆ 'ಹೌದು'. ಒಳಗೆ ಓದುತ್ತ ಕೂತಿದ್ದ ಪಲ್ಲವಿ ಕೇಳಿಸಿಕೊಂಡಳು. ಆಳಂದದ ಕಾಲೇಜಿಗೆ ದಿನಾ ಬಸ್ಸಿನ ಬಾಗಿಲಲ್ಲಿ ಜೋತುಬಿದ್ದು ಹೋಗಿಬರುವ ಹುಡುಗಿ. ಪುಸ್ತಕ ಮಡಚಿಟ್ಟಳು. ಬಾಳಮ್ಮ ಹಾಸಿಗೆಯಿಂದಲೇ ಕೂಗಿದಳು: "ಮೊದಲಿಗಿ ನನ್ನ ಅಂದೋಲಾ ಮಠಕ್ಕ ಕರ್ಕೊಂಡು ಹೋಗ್ಬೇಕು. ಮುಂದಿನ ಸೀಟು ನಂದು!"

ಮರುದಿನ ಗಿರಣಿಯಲ್ಲಿ ಪಂಚಾಯಿತಿಯೇ ಸೇರಿತು. ಗಿರಣಿಯ ಸದ್ದಿಗೆ ಎಲ್ಲರೂ ಕೂಗಿಯೇ ಮಾತಾಡಬೇಕಾದ್ದರಿಂದ ಚರ್ಚೆ ಎದುರಿನ ಶಾಲೆಯ ಮಕ್ಕಳಿಗೂ ಪಾಠವಾಯಿತು.

"ಹರೇದ ಹುಡುಗರ ಕೈಯಾಗ ಕಾರ್ ಕೊಡೋದಂದ್ರ ಮಂಗ್ಯಾನ ಕೈಯಾಗ ಕುಡಗೋಲು ಕೊಟ್ಟಂಗ!" ಎಂದು ಮೊದಲು ಕೂಗಿದವನು ಪಕ್ಕದ ಮನೆಯ ಬೀರಣ್ಣ. ಕುರಿ ಮಾರಿ ಈಗ ಹೊಲ ನೋಡಿಕೊಂಡಿರುವ ಹಿರಿಯ. ಬೀಸಲು ಕಾಳು ಇಲ್ಲದಿದ್ದರೂ ದಿನಾ ಗಿರಣಿಗೆ ಬಂದು ಕೂಡುತ್ತಿದ್ದ. "ನನ್ನ ಮಾತು ಕೇಳು ಶ್ರೀಮಂತ, ಬ್ಯಾಡ!"

"ಅದೇ ವಯಸ್ಸಿಗಿ ಓಟ್ ಹಾಕಬಹುದು, ಲಗ್ನ ಮಾಡಬಹುದು, ಕಾರ್ ಒಂದು ಬ್ಯಾಡೇನು?" ಎಂದು ಮಾಸ್ತರರ ಹೆಂಡತಿ ಡಬ್ಬಿ ಕೆಳಗಿಟ್ಟು ವಾದಕ್ಕೆ ಇಳಿದಳು.

"ಓಟ್ ಹಾಕಿದ್ರ ಯಾರ್ ಮ್ಯಾಲೂ ಹಾಯಂಗಿಲ್ಲವ್ವ!"

"ಯಾರ್ ಹೇಳಿದ್ರು? ನೀವು ಹಾಕಿದ ಓಟು ನಮ್ಮ ಮ್ಯಾಲ ಹಾದು ಹೋಗ್ಯದಲ್ಲ!"

ಎಲ್ಲರೂ ನಕ್ಕರು. ಬೀರಣ್ಣನಿಗೆ ಸಿಟ್ಟು ಬಂತು. ಜೋಳ ನುಣ್ಣಗಾಗುವಷ್ಟರಲ್ಲಿ ಊರು ಎರಡು ಪಂಗಡವಾಯಿತು. ಕೊಡಬೇಕು ಎನ್ನುವವರು ಒಬ್ಬೊಬ್ಬರೂ ತಾವು ಆ ಕಾರಿನಲ್ಲಿ ಎಲ್ಲಿಗೆ ಹೋಗಬೇಕೆಂಬುದನ್ನು ಆಗಲೇ ಗೊತ್ತು ಮಾಡಿಕೊಂಡಿದ್ದರು. ಕೊಡಬಾರದು ಎನ್ನುವವರು ಕೊಟ್ಟರೆ ಯಾವ ತಿರುವಿನಲ್ಲಿ ಬೀಳುತ್ತದೆ ಎಂಬುದನ್ನು ಗೊತ್ತು ಮಾಡಿದ್ದರು. ಕಾರೇ ಇಲ್ಲ ಎಂಬ ಸಂಗತಿ ಗೊತ್ತಿದ್ದವನು ಒಬ್ಬನೇ. ಅವನು ಎರಡೂ ಪಂಗಡಕ್ಕೂ "ನೋಡೋಣ್ರಿ, ನೋಡೋಣ್ರಿ" ಎನ್ನುತ್ತ ಗಿರಣಿಯ ತುಂಬ ಸುತ್ತುತ್ತಿದ್ದ.

ಇಷ್ಟಕ್ಕೇ ಮುಗಿದಿದ್ದರೆ ಸುದ್ದಿ ತಾನಾಗಿ ಹಳಸುತ್ತಿತ್ತು. ಆದರೆ ಕೆಲವು ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ಬೀರಣ್ಣ ಏದುಸಿರು ಬಿಡುತ್ತ ಬಂದ.

"ಅಂತೂ ತಗೊಂಡ್ಯಲ್ಲಲೇ! ನಮಗೊಂದು ಪೇಡೆ ಇಲ್ಲ, ಪುಟಾಣಿ ಇಲ್ಲ!"

"ಏನ್ ತಗೊಂಡೆ?"

"ಕಾರು! ನಿನ್ನೆ ಆಳಂದದಾಗ ನಾ ಬಸ್ಸಿನ ಕಿಟಕ್ಯಾಗ ಕೂತು ಕಣ್ಣಾರೆ ನೋಡೀನಿ. ಬಿಳಿ ಕಾರು. ನಿನ್ನ ಮಗಳೇ ಹೊಡ್ಯಾಕತ್ತಿದ್ಲು. ಮುಂದ ಕೆಂಪಂದು ಏನೋ ಬರ್ಸೀರಿ. ಲಕ್ಷ್ಮಿ ಪೂಜಾದ್ದೇನು?"

ಶ್ರೀಮಂತ ಗಿರಣಿ ನಿಲ್ಲಿಸಿದ. ಕಾರು ತನ್ನದಲ್ಲ. ಹಾಗಾದರೆ ಯಾರದು? ಮಗಳು ಯಾರ ಕಾರಿನಲ್ಲಿ, ಯಾರ ಜೊತೆ? ಆದರೆ ಕೇಳುವುದು ಹೇಗೆ? 'ಕಾರು ನಮ್ಮದಲ್ಲ' ಎಂದರೆ ಸುಳ್ಳು ಹೊರಬೀಳುತ್ತದೆ. ಅದಕ್ಕಿಂತ ಹೆಚ್ಚಾಗಿ, 'ಹಾಗಾದ್ರ ಯಾರ ಕಾರಿನ್ಯಾಗ ಕೂತಿದ್ಲು?' ಎಂಬ ಪ್ರಶ್ನೆ ಇಡೀ ಊರಿನ ಬಾಯಿಗೆ ಬೀಳುತ್ತದೆ. ಮಗಳ ಮಾನ ಒಂದು ಕಡೆ, ತನ್ನ ಮಾನ ಇನ್ನೊಂದು ಕಡೆ. ಎರಡೂ ಉಳಿಯಬೇಕೆಂದರೆ ನಗುವುದೊಂದೇ ದಾರಿ.

"ಹೂಂ... ತಗೊಂಡ್ವಿ" ಎಂದು ನಕ್ಕ. ಹಿಟ್ಟು ಮೆತ್ತಿದ ಮುಖದಲ್ಲಿ ಆ ನಗು ನೋಡಿದವರಿಗೆ ಹಲ್ಲುನೋವು ನೆನಪಾಗುತ್ತಿತ್ತು.

ಆಮೇಲೆ ಕಂಡವರೆಲ್ಲ ಬಂದು ಕಂಡದ್ದನ್ನು ಹೇಳತೊಡಗಿದರು. ಒಬ್ಬರು ಕಾರನ್ನು ಕಾಲೇಜಿನ ಹಿಂದೆ ಕಂಡರು, ಮತ್ತೊಬ್ಬರು ಬಯಲಿನಲ್ಲಿ ಗುಂಡಗೆ ಸುತ್ತುವುದನ್ನು ಕಂಡರು. "ಕಾರ್ ಮನಿಗ್ಯಾಕ ತರಂಗಿಲ್ಲ?" ಎಂದು ಕೇಳಿದರೆ "ಓಣಿ ಸಣ್ಣದದಲ್ರಿ" ಎಂದು ಶ್ರೀಮಂತ ಉತ್ತರ ಕೊಟ್ಟ. ಪ್ರತಿ ಅಭಿನಂದನೆಯೂ ಚೇಳಿನಂತೆ ಕಡಿಯುತ್ತಿತ್ತು. ಅವನು "ಥ್ಯಾಂಕ್ಸ್ ರೀ" ಎನ್ನುತ್ತ ಕಡಿಸಿಕೊಳ್ಳುತ್ತಿದ್ದ. ಜೋಳದ ಡಬ್ಬಿಗೆ ಗೋಧಿ ಸುರಿದ, ಒಬ್ಬರ ಕಡಲೆಗೆ ಇನ್ನೊಬ್ಬರ ಮೆಣಸಿನಕಾಯಿ ಬೆರೆಸಿದ. ಆ ವಾರ ನರೋಣಾದಲ್ಲಿ ಕಡಲೆಹಿಟ್ಟಿನ ಜುಣಕ ತಿಂದವರೆಲ್ಲ ಕಣ್ಣೀರಿಟ್ಟರು.

ಕೊನೆಗೆ ತಡೆಯಲಾರದೆ ಒಂದು ದಿನ ಗಿರಣಿಗೆ ಬೀಗ ಹಾಕಿ, ಮಗಳು ಹೋದ ಬಸ್ಸಿನ ಹಿಂದಿನ ಬಸ್ಸಿಗೆ ಆಳಂದಕ್ಕೆ ಹೊರಟ. ಗುರುತು ಸಿಗಬಾರದೆಂದು ತಲೆಗೆ ಟವೆಲ್ ಸುತ್ತಿಕೊಂಡಿದ್ದ. ಹುಬ್ಬಿನ ಹಿಟ್ಟು ಒರೆಸಿಕೊಳ್ಳುವುದನ್ನು ಮರೆತಿದ್ದರಿಂದ ಬಸ್ಸಿನಲ್ಲಿ ಎಲ್ಲರೂ ಹೆಸರು ಹಿಡಿದೇ ಮಾತಾಡಿಸಿದರು.

ಆಳಂದದ ಬಸ್ ನಿಲ್ದಾಣದ ಹೊರಗೆ ಮೊದಲು ಕಂಡ ಬಿಳಿ ಕಾರಿಗೆ ಅಡ್ಡ ನಿಂತ. ಕಿಟಕಿ ಇಳಿಯಿತು. ಒಳಗಿದ್ದ ಕನ್ನಡಕದವರು ತಾಳ್ಮೆಯಿಂದ ಕೇಳಿದರು:

"ಏನಾಗ್ಯದ್ರಿ? ಯಾವಾಗಿಂದ ಮೇವು ಬಿಟ್ಟದ?"

"ಮೇವಲ್ರಿ, ನನ್ನ ಮಗಳು..."

"ನಾವು ದನದ ಡಾಕ್ಟ್ರು. ಮಗಳಿಗಿ ಬ್ಯಾರೆ ಕಡಿ ತೋರಸ್ರಿ."

ಅಲ್ಲಿಂದ ಓಡುತ್ತ, ಕಂಡ ಬಿಳಿ ಕಾರುಗಳಿಗೆಲ್ಲ ಇಣುಕುತ್ತ, ಊರ ಹೊರಗಿನ ಬಯಲಿಗೆ ಬಂದ. ಅಲ್ಲಿ ನಿಂತಿತ್ತು ಬಿಳಿ ಕಾರು. ಮುಂದೆ ಕೆಂಪು 'ಎಲ್' ಅಕ್ಷರ. ಆದರೆ ಒಳಗೆ ಪಲ್ಲವಿ ಇಲ್ಲ, ಯಾವ ಹುಡುಗನೂ ಇಲ್ಲ. ಬಾನೆಟ್ಟಿಗೆ ಒರಗಿ ದುಪಟ್ಟಾ ಸೊಂಟಕ್ಕೆ ಕಟ್ಟಿಕೊಂಡ ಒಬ್ಬ ದಪ್ಪ ಹೆಂಗಸು ಚಹಾ ಕುಡಿಯುತ್ತಿದ್ದಳು. ಅವಳು ಸರ್ವರಬೇಗಂ. ಆಳಂದದ ಅರ್ಧ ಹೆಂಗಸರಿಗೆ ಕಾರು ಹೊಡೆಯಲು ಕಲಿಸಿದವಳು. ಉಳಿದರ್ಧ ಹೆಂಗಸರ ಗಂಡಂದಿರು ಅವಳನ್ನು ಕಂಡರೆ ರಸ್ತೆ ದಾಟುತ್ತಿದ್ದರು.

"ಆವೋ ಭಾಯಿಸಾಬ್! ಯಾಕ್ ಇಷ್ಟು ಲೇಟು? ಹೊಸಬ್ರು ಬರ್ತಾರಂತ ಹೇಳಿದ್ರು, ನಾ ಆಗಿಂದ ಕಾಯಾಕತ್ತೇನಿ!"

"ನಾ ಕಲೀಲಿಕ್ಕಿ ಬಂದಿಲ್ರಿ, ನಾ..."

"ಎಲ್ಲಾ ಗಂಡಸರೂ ಮೊದಲಿಗಿ ಹಿಂಗೇ ಹೇಳ್ತಾರ. ಶರಮ್ ಮಾಡ್ಬ್ಯಾಡ್ರಿ. ಕೂಡ್ರಿ. ಇವತ್ತು ಗಾಡಿ ಚಾಲೂ ಮಾಡಂಗಿಲ್ಲ. ಬರೇ ಪರಿಚಯ. ಇದು ಕ್ಲಚ್, ಇದು ಬ್ರೇಕ್. ಏನೂ ಮುಟ್ಟಬ್ಯಾಡ್ರಿ, ನಾ ಚಾ ಮುಗ್ಸಿ ಬರ್ತೇನಿ."

ಅವಳ ದನಿ ಗಿರಣಿಯ ಸದ್ದನ್ನೂ ಮೀರಿಸುವಂಥದು. ಶ್ರೀಮಂತ ಚಾಲಕನ ಸೀಟಿನಲ್ಲಿ ಕೂತ. 'ಏನೂ ಮುಟ್ಟಬೇಡಿ' ಎಂದು ಜಗತ್ತಿನಲ್ಲಿ ಯಾರಿಗೆ ಬೇಕಾದರೂ ಹೇಳಬಹುದು, ಶ್ರೀಮಂತನಿಗೆ ಹೇಳಬಾರದು. ಮೊಣಕಾಲು ಕುಣಿಯಿತು, ಕೈ ಅದನ್ನು ಹಿಡಿಯಲು ಹೋಯಿತು, ಹೋಗುತ್ತ ಪಕ್ಕದ ಒಂದು ಹಿಡಿಕೆಯನ್ನು ಒತ್ತಿ ಕೆಳಗಿಳಿಸಿತು. ಅದು ಕೈಬ್ರೇಕು. ಬಯಲು ಇಳಿಜಾರು.

ಕಾರು ಸದ್ದಿಲ್ಲದೆ, ಬಹಳ ಮರ್ಯಾದೆಯಿಂದ, ಹೊರಟಿತು.

"ಯಾ ಅಲ್ಲಾ! ಬ್ರೇಕ್! ನಡುವಿಂದು! ನಡುವಿಂದು!" ಎನ್ನುತ್ತ ಸರ್ವರಬೇಗಂ ಕಪ್ಪು ಹಿಡಿದೇ ಹಿಂದೆ ಓಡಿದಳು. ಶ್ರೀಮಂತನಿಗೆ ಆ ಹೊತ್ತಿನಲ್ಲಿ ನಡು ಎಂದರೆ ಸೊಂಟ ಎಂದಷ್ಟೇ ಹೊಳೆಯಿತು. ಎರಡೂ ಕೈಯಲ್ಲಿ ಸೊಂಟ ಹಿಡಿದು ಕೂತ. ಆಡುಗಳು ದಾರಿ ಬಿಟ್ಟವು. ಬಟ್ಟೆ ಒಗೆಯುತ್ತಿದ್ದವರು ಎದ್ದು ನಿಂತು ನೋಡಿದರು. ಕಾರು ಕಣದಲ್ಲಿ ಒಟ್ಟಿದ್ದ ತೊಗರಿ ಹೊಟ್ಟಿನ ಗುಡ್ಡೆಗೆ ಮೂಗು ತೂರಿಸಿ, ಕಿಟಕಿಯವರೆಗೂ ಹೂತು ನಿಂತಿತು.

ಹೊಟ್ಟಿನ ಧೂಳು ಇಳಿದಾಗ ಎದುರಿಗೆ ಪಲ್ಲವಿ ನಿಂತಿದ್ದಳು. ಕಾಲೇಜು ಮುಗಿಸಿ ತನ್ನ ಪಾಠಕ್ಕೆ ಬಂದವಳು.

"ಅಪ್ಪಾ! ನೀನೂ ಕಲ್ಯಾಕತ್ತೀ?" ಎಂದಳು. ಹುಡುಗಿಯ ಮುಖ ಅರಳಿತ್ತು. "ನೀ ಊರಾಗ ತಗೊಂಡ್ವಿ ಅಂದಿಯಂತ, ಕಾರ್ ಮನಿಗಿ ಬರೋತನಕ ನಿನಗ ಹೇಳಬಾರದಂತ ಮಾಡಿದ್ದೆ. ಅವ್ವಗ ಅಷ್ಟೇ ಗೊತ್ತದ. ಅಂಗಡಿಯಿಂದ ಮನಿತನಕ ನಾನೇ ಹೊಡ್ಕೊಂಡು ಬರ್ಬೇಕು, ನೀ ನನ್ನ ಪಕ್ಕದಾಗ ಕೂಡಬೇಕು. ಮುಂದಿನ ವಾರ ಕಲಬುರಗಿದಾಗ ನನ್ನ ಲೈಸೆನ್ಸ್ ಪರೀಕ್ಷಾ!"

ಯಾರ ಜೊತೆ ಎಂದು ಅಷ್ಟು ದಿನ ಬೆಂದಿದ್ದ ಶ್ರೀಮಂತನ ಎದೆ ತಣ್ಣಗಾಯಿತು. ಮರುಕ್ಷಣ ಅದಕ್ಕಿಂತ ದೊಡ್ಡ ಬೆಂಕಿ ಬಿತ್ತು. ಮಗಳು ಕಾರನ್ನು ನಂಬಿದ್ದಳು. ಊರು ನಂಬಿದ್ದು ಬೇರೆ, ಇವಳು ನಂಬಿದ್ದು ಬೇರೆ.

ಸರ್ವರಬೇಗಂ ಹೊಟ್ಟು ಗುಡಿಸಿಕೊಳ್ಳುತ್ತ ಬೈಯುತ್ತಿದ್ದಾಗ ಇಬ್ಬರೂ ಬೇಲಿಯ ಪಕ್ಕದ ಕಲ್ಲಿನ ಮೇಲೆ ಕೂತರು. ಶ್ರೀಮಂತ ಎದ್ದ, ಕೂತ, ಮತ್ತೆ ಎದ್ದ.

"ಪಲ್ಲವೀ... ಕಾರ್ ಇಲ್ಲವ್ವ."

"ಯಾವಾಗ ಬರ್ತದ?"

"ಬರಂಗಿಲ್ಲ. ಗೊಬ್ಬೂರದಾಗ ನಿನ್ನ ದೊಡ್ಡಪ್ಪನ ಮುಂದ ಹಂಗೇ ಅಂದ್ಬಿಟ್ಟೆ."

ಪಲ್ಲವಿ ಆಡುಗಳ ಕಡೆ ಮುಖ ತಿರುಗಿಸಿದಳು. "ಕಾಲೇಜಿನ್ಯಾಗ ಎಲ್ಲಾರಿಗೂ ಹೇಳೀನಿ" ಎಂದಳು. "ಯಾವ ಬಣ್ಣ ಅಂತನೂ ಹೇಳೀನಿ. ನಾಳೆ ಏನಂತ ಮುಖ ತೋರಿಸ್ಲಿ?" ಕಣ್ಣು ತುಂಬಿತ್ತು. ಅವಳು ಒರೆಸಿಕೊಳ್ಳಲಿಲ್ಲ, ಅಪ್ಪ ನೋಡಲಿ ಎಂದು ಹಾಗೇ ಬಿಟ್ಟಳು. "ಕಾರ್ ಬ್ಯಾಡ. ಆದರ ಕಲಿಯೋದು ನಾ ಬಿಡಂಗಿಲ್ಲ. ಕಾರ್ ಇಲ್ಲ ಅನ್ನೋದು ಊರಿಗಿ ನೀನೇ ಹೇಳ್ಬೇಕು. ದೊಡ್ಡಪ್ಪಗೂ ನೀನೇ ಹೇಳ್ಬೇಕು."

"ಹೇಳ್ತೇನಿ" ಎಂದ ಶ್ರೀಮಂತ. 'ನೋಡೋಣ' ಎನ್ನಲು ಬಾಯಿ ತೆರೆದಿದ್ದ, ಆ ಕಣ್ಣು ನೋಡಿ ನುಂಗಿಕೊಂಡ.

ಆದರೆ ನಿಜ ಹೇಳುವುದಕ್ಕೂ ಮುಹೂರ್ತ ಬೇಕು. ಇಂದು, ನಾಳೆ ಎನ್ನುವಷ್ಟರಲ್ಲಿ ಪಲ್ಲವಿ ಪರೀಕ್ಷೆ ಪಾಸಾಗಿ ಲೈಸೆನ್ಸ್ ತಂದಳು. ಅಪ್ಪನ ಜೊತೆ ಮಾತು ಮಾತ್ರ ಬಿಟ್ಟಿದ್ದಳು. ಅಷ್ಟರಲ್ಲಿ ಜೇವರ್ಗಿಯಿಂದ ಜಗದೇವನ ಫೋನು ಬಂತು. "ಐತವಾರ ಬರ್ತೇವಿ. ಮಗಳ ಕಾರ್ ನೋಡ್ಬೇಕು." ಹೊಟ್ಟೆಕಿಚ್ಚಿಗೆ ಅವನೂ ನಿದ್ದೆಗೆಟ್ಟಿದ್ದ ಎಂದು ಕಾಣುತ್ತದೆ.

ಆ ಭಾನುವಾರ ಶ್ರೀಮಂತ ಬೆಳಗಿನಿಂದ ಅಂಗಳದಲ್ಲಿ ಎಷ್ಟು ಸುತ್ತಿದನೆಂದರೆ ಬಾಳಮ್ಮ "ಎಣ್ಣಿ ಗಾಣಕ್ಕ ಕಟ್ಟಿದ್ರ ಒಂದ್ ಕ್ಯಾನ್ ತುಂಬತಿತ್ತು" ಎಂದಳು. ಮಧ್ಯಾಹ್ನದ ಹೊತ್ತಿಗೆ ಜಗದೇವ, ನಾಗರತ್ನಾ, ಅಜಯಕುಮಾರ ಮೂವರೂ ಬೆವರುತ್ತ ನಡೆದುಕೊಂಡು ಬಂದರು. ಜಗದೇವನ ಕುತ್ತಿಗೆ ಒಂದೇ ಕಡೆ ತಿರುಗಿ ನಿಂತಿತ್ತು. ಓಣಿಯಲ್ಲಿ ಕೇಳಿದವರಿಗೆಲ್ಲ "ಬಸ್ಸಿಗಿ ಬಂದ್ವಿ, ಬಸ್ಸಿಗಿ" ಎಂದು ಅವನು ಹೇಳಿಕೊಂಡು ಬಂದಿದ್ದ.

"ಎಲ್ಲಿ ನಿಮ್ಮ ಕಾರು?" ಎಂದು ಕೂಡುವ ಮೊದಲೇ ಕೇಳಿದ.

ಪಲ್ಲವಿ ಒಳಬಾಗಿಲಲ್ಲಿ ನಿಂತಿದ್ದಳು. ಶ್ರೀಮಂತ ಉಸಿರು ಎಳೆದುಕೊಂಡ. "ಅಣ್ಣಾ, ಕಾರ್ ಇಲ್ಲ."

"ಸರ್ವಿಸಿಗಿ ಬಿಟ್ಟೀಯೇನು?"

"ಅಲ್ಲ. ಇಲ್ಲವೇ ಇಲ್ಲ. ಅವತ್ತು ನಾ ಸುಳ್ಳ್ ಹೇಳ್ದೆ. ತಗೊಂಡೇ ಇಲ್ಲ."

ಜಗದೇವನ ಮುಖದಲ್ಲಿ ಹಬ್ಬ ಹುಟ್ಟಿತು. ಅವನು ಬಾಯಿ ತೆರೆದು ಮೊದಲ ಅಕ್ಷರ ಆಡುವ ಮೊದಲೇ ಅಜಯಕುಮಾರ ಗೋಡೆಗೆ ಒರಗಿ ಕುಸಿದು ಕೂತು ಅಳತೊಡಗಿದ. "ಕಾಕಾ, ನೀವು ಭಾಗ್ಯವಂತ್ರು. ನಾ ಸಾಯೂತನಕ ಆ ಕಾರ್ ಹತ್ತಂಗಿಲ್ಲ!"

ಸಂಗತಿ ನಾಗರತ್ನಾಳ ಬಾಯಿಂದ ಹೊರಬಿತ್ತು. ಮಗನ ಕಾರನ್ನು ಇಷ್ಟು ದಿನ ಓಡಿಸಿದ್ದು ಸಂಬಳದ ಡ್ರೈವರ್. ಹುಡುಗನಿಗೆ ಇನ್ನೂ ಹದಿನೆಂಟೇ ತುಂಬಿಲ್ಲ. ಲೈಸೆನ್ಸೂ ಇಲ್ಲ, ಧೈರ್ಯವೂ ಇಲ್ಲ. ಇಂದು ಡ್ರೈವರ್ ಬಾರದ್ದಕ್ಕೆ, "ಮಗನ ಕಾರು ಅಂದ ಮ್ಯಾಲ ಮಗಾನೇ ಹೊಡೀಬೇಕು, ಅವರ ಮನಿ ಮುಂದ ನೀನೇ ಇಳೀಬೇಕು" ಎಂದು ಜಗದೇವ ಅವನನ್ನು ಸ್ಟೇರಿಂಗಿಗೆ ಕಟ್ಟಿದ್ದ.

"ಜೇವರ್ಗಿಯಿಂದ ಇಲ್ಲಿತನಕ ಎರಡನೇ ಗೇರು ತಂಗೀ!" ಎಂದು ನಾಗರತ್ನಾ ಹಣೆ ಬಡಿದುಕೊಂಡಳು. "ಎಮ್ಮಿಗೋಳು ಹಿಂದಿನಿಂದ ಬಂದು ನಮ್ಮನ್ನ ದಾಟಿ ಹೋದ್ವು. ಒಂದು ಎಮ್ಮಿ ತಿರುಗಿ ನೋಡ್ತು! ಎದುರಿಗಿ ಲಾರಿ ಬಂದಾಗೆಲ್ಲ ಈ ಹುಡುಗ ಕಣ್ಣ್ ಮುಚ್ತಿತ್ತು, ಇವರು ಕಿಟಕ್ಯಾಗ ಕುತ್ತಿಗಿ ಹಾಕಿ ದಾರಿ ಹೇಳ್ತಿದ್ರು. ಬಸ್ ಸ್ಟ್ಯಾಂಡಿನ ಹಿಂದ ಬೇವಿನ ಮರಕ್ಕ ತಗಲಿಸಿ ನಿಲ್ಲಿಸಿ ಬಂದೀವಿ."

ಯಾರೂ ನಗಲಿಲ್ಲ, ಹುಡುಗ ಅಷ್ಟು ನಡುಗುತ್ತಿದ್ದ. ಶಿವಕಾಂತಾ ನೀರು ಕೊಟ್ಟಳು. ಜಗದೇವ ಓರೆ ಕುತ್ತಿಗೆಯಲ್ಲೇ ನೆಲ ನೋಡುತ್ತ ಕೂತ. ಶ್ರೀಮಂತ ಹೋಗಿ ಅವನ ಪಕ್ಕದಲ್ಲಿ ಕೂತ. ಮೊದಲ ಸಲ ಮೊಣಕಾಲು ಕುಣಿಯಲಿಲ್ಲ. ಇಬ್ಬರಲ್ಲಿ ಯಾರು ಹೆಚ್ಚು ಪೆದ್ದರು ಎಂದು ಲೆಕ್ಕ ಹಾಕುವಂತೆ ಇಬ್ಬರೂ ನೆಲದ ಹಾಸುಗಲ್ಲು ಎಣಿಸಿದರು.

"ಸಂಜಿಗಿ ಅಂಗಡಿ ತೆಗೀಬೇಕು" ಎಂದ ಜಗದೇವ ಸಣ್ಣ ದನಿಯಲ್ಲಿ. "ಹ್ಯಾಂಗ ಹೋಗ್ಲಿ?"

"ನಾ ಬಿಟ್ಟು ಬರ್ತೇನಿ ದೊಡ್ಡಪ್ಪ" ಎಂದಳು ಪಲ್ಲವಿ. ಒಳಗೆ ಹೋಗಿ ಲೈಸೆನ್ಸ್ ತಂದು ತೋರಿಸಿದಳು.

"ಹುಡುಗಿ ಹೊಡಿತಾಳ? ಇಷ್ಟು ದೂರ?"

"ನೀವು ಸುಮ್ಮ ಹಿಂದ ಕೂಡ್ರಿ!" ಎಂದು ನಾಗರತ್ನಾ ಎದ್ದೇಬಿಟ್ಟಳು. ಹೊರಡುವಾಗ ಪಲ್ಲವಿ ಅಪ್ಪನ ಕಡೆ ನೋಡಿದಳು. "ಊರಿಗಿ ಹೇಳೋದು ಇನ್ನೂ ಉಳಿದದ" ಎಂದಳು. ಎಷ್ಟೋ ದಿನದ ಮೇಲೆ ಆಡಿದ ಮಾತು ಅದು. ಶ್ರೀಮಂತನಿಗೆ ಬೈಗುಳದ ಹಾಗೆ ಕೇಳಲಿಲ್ಲ.

ಬೇವಿನ ಮರದಿಂದ ಕಾರನ್ನು ಹಿಂದಕ್ಕೆ ತೆಗೆದು, ಒಂದೇ ಸುತ್ತಿಗೆ ತಿರುಗಿಸಿ, ಪಲ್ಲವಿ ಊರ ಮುಂದಿನ ರಸ್ತೆಗೆ ಇಳಿಸಿದಳು. ಪಕ್ಕದಲ್ಲಿ ಅಜಯಕುಮಾರ ಕಣ್ಣು ಬಿಟ್ಟುಕೊಂಡು ಅವಳ ಕೈಯನ್ನೇ ನೋಡುತ್ತಿದ್ದ. ಹಿಂದೆ ಜಗದೇವ ಓರೆ ಕುತ್ತಿಗೆಯಲ್ಲಿ ಇಡೀ ನರೋಣಾವನ್ನು ನೋಡುತ್ತ ಹೋದ. ಚಹಾ ಅಂಗಡಿಯವರು, ಕಟ್ಟೆಯವರು, ಎಲ್ಲರೂ ಎದ್ದು ನಿಂತರು. ಕಾರು ಮೂರನೇ ಗೇರಿಗೆ ಬಿದ್ದು ಕಲಬುರಗಿಯ ದಿಕ್ಕಿಗೆ ಮರೆಯಾಯಿತು.

ಸಂಜೆ ಮಗಳು ಬಸ್ಸಿಗೆ ವಾಪಸು ಬರುತ್ತಾಳೆಂದು ಶ್ರೀಮಂತ ನಿಲ್ದಾಣಕ್ಕೆ ಹೋಗಿ ಶತಪಥ ಹಾಕುತ್ತಿದ್ದ. ಬೀರಣ್ಣ, ಮಾಸ್ತರರ ಹೆಂಡತಿ, ಕಟ್ಟೆಯ ಮಂದಿ ಅಲ್ಲೇ ಕೂತಿದ್ದರು. ಇದೇ ಮುಹೂರ್ತ ಎಂದುಕೊಂಡು ಶ್ರೀಮಂತ ಎದೆ ಸೆಟೆಸಿ ಹೇಳಿದ:

"ಎಲ್ಲಾರೂ ಕೇಳ್ರಿ. ನಂದೊಂದು ತಪ್ಪಾಗ್ಯದ. ನಮ್ಮ ಹಂತ್ಯಾಕ ಕಾರ್ ಇಲ್ರಿ."

"ಈಗ ಹ್ಯಾಂಗ ಇರ್ತದ?" ಎಂದ ಬೀರಣ್ಣ. "ಮಗಳು ಜೇವರ್ಗಿಗಿ ಹೊಡ್ಕೊಂಡು ಹೋದ್ಲಲ್ಲ. ನಾವು ನೋಡಿಲ್ಲೇನು?"

"ಅದು ನಮ್ಮದಲ್ರಿ. ನಮ್ಮ ಷಡ್ಡಕನ ಕಾರು."

"ಷಡ್ಡಕ ಬಸ್ಸಿಗಿ ಬಂದೀನಂತ ತನ್ನ ಬಾಯಲೇ ಹೇಳ್ಯಾನಪ್ಪ!"

"ಅಂವ ಸುಳ್ಳ್ ಹೇಳ್ಯಾನ್ರಿ! ಮೊದಲಿಗಿ ನಾ ಸುಳ್ಳ್ ಹೇಳ್ದೆ, ಆಮ್ಯಾಲ ಅಂವ..."

ಅಷ್ಟರಲ್ಲಿ ಬಸ್ಸು ಬಂದು ನಿಂತಿತು. ಪಲ್ಲವಿ ಬಾಗಿಲಲ್ಲಿ ಜೋತುಬಿದ್ದು, ಕೈಯಲ್ಲಿ ದೊಡ್ಡಮ್ಮ ಕೊಟ್ಟ ಸೀರೆಯ ಚೀಲ ಹಿಡಿದು ಇಳಿದಳು. ಕಾರಿಲ್ಲದೆ ಬಂದ ಹುಡುಗಿಯನ್ನು ಕಟ್ಟೆಯ ಮಂದಿ ನೋಡಿದರು, ಆಮೇಲೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಎಲ್ಲರಿಗೂ ಎಲ್ಲ ಒಮ್ಮೆಗೇ ತಿಳಿದುಹೋಯಿತು.

"ಷಡ್ಡಕ ಅಂದ್ರ ಹಿಂಗಿರ್ಬೇಕು" ಎಂದಳು ಮಾಸ್ತರರ ಹೆಂಡತಿ. "ಬಸ್ಸಿಗಿ ಬಂದ ಷಡ್ಡಕಗ ಕಾರೇ ಕೊಟ್ಟು ಕಳಿಸ್ಯಾನ, ಮಗಳು ಬಸ್ಸಿಗಿ ತಿರುಗಿ ಬಂದಾಳ!"

"ಖರೇ ಹೇಳಾಕತ್ತೇನ್ರಿ! ಅಪ್ಪನಾಣಿ! ಕಾರ್ ಇರಲೇ ಇಲ್ಲ!" ಶ್ರೀಮಂತ ಹೆಚ್ಚುಕಡಿಮೆ ಅಳುತ್ತಿದ್ದ. ಪಲ್ಲವಿ ಪಕ್ಕಕ್ಕೆ ಬಂದು ನಿಂತು ಅಪ್ಪನ ತೋಳು ಹಿಡಿದುಕೊಂಡಳು.

ಬೀರಣ್ಣ ಎದ್ದು ಬಂದು ಶ್ರೀಮಂತನ ಬೆನ್ನು ತಟ್ಟಿದ. ಮುದುಕನ ಕಣ್ಣಿನಲ್ಲಿ ನೀರಿತ್ತು.

"ಸಾಕು ಬಿಡೋ ತಮ್ಮಾ. ಸುಳ್ಳ್ ಹೇಳಾಕ ನಿನಗ ಬರಂಗಿಲ್ಲ."